ಕೊನೆಯ ಗಂಟು

ಹಿರಿಯ ಜಂಗಮರಾದ ಪ್ರಭುಲಿಂಗಯ್ಯನವರು ನಿನ್ನೆ ಬೆಳಿಗ್ಗೆಯಿಂದ ಹನಿ ನೀರು ಮುಟ್ಟಿಲ್ಲ ಎಂದು ಮಠದ ಮ್ಯಾನೇಜರ್ ಕುಮಾರಯ್ಯ ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಗಾಬರಿ ಬಂದದ್ದು ಆಮೇಲೆ. ತೊಂಬತ್ತೆರಡರ ಮೇ ತಿಂಗಳು ಅದು. ಕಾಶಿಯಲ್ಲಿ ಲೂ ಬೀಸುತ್ತಿತ್ತು. ಆ ಬಿಸಿಗಾಳಿಗೆ ಸಿಕ್ಕವರೇ ನಮ್ಮ ವಾರ್ಡಿನ ತುಂಬ ಮಲಗಿದ್ದರು. ಹೊತ್ತುಹೊತ್ತಿಗೆ ನೀರು ಕುಡಿಯುವ ಹರೆಯದ ರಿಕ್ಷಾದವರೇ ರಸ್ತೆಯಲ್ಲಿ ಕುಸಿದು ಬೀಳುತ್ತಿರುವಾಗ ಎಪ್ಪತ್ತು ದಾಟಿದ ಮುದುಕರು ನೀರು ಬಿಟ್ಟು ಕೂತರೆ ಏನನ್ನಬೇಕು?

“ಯಾಕಂತೆ?” ಎಂದೆ.

“ಲಿಂಗ ಹೋತ್ರಿ ಮೇಡಂ. ಕೇದಾರ ಘಾಟಿನಾಗ ಜಳಕ ಮಾಡೂವಾಗ ಕೊರಳಾಗಿನ ಶಿವದಾರದ ಗಂಟು ಬಿಚ್ಚಿ ಲಿಂಗದ ಕರಡಗಿ ಗಂಗಾದಾಗ ಬಿತ್ತು. ಸಿಗೂತನ ನೀರು ಸೈತ ಒಲ್ಲೆ ಅಂತ ಕುಂತುಬಿಟ್ಟಾರ. ನೀವು ಬಂದು ಹೇಳಿದ್ರ ಕೇಳಬಹುದು.”

ನಾನು ಹೇಳಿದ ಮಾತನ್ನು ಮನೆಯಲ್ಲಿ ನನ್ನ ಗಂಡ ರಘುನಾಥನೇ ಕೇಳುವುದಿಲ್ಲ. ಆದರೂ ಸಲೈನ್ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಆಸ್ಪತ್ರೆಯಿಂದ ಹೊರಟೆ. ನಾನು ದಾವಣಗೆರೆಯವಳು, ಹೆಸರು ವಿಜಯಶ್ರೀ. ಇಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾಕ್ಟರು. ಕನ್ನಡಿಗರ ಆ ವೀರಶೈವ ಮಠಕ್ಕೆ ನಾನು ಹೋಗುತ್ತಿದ್ದದ್ದು ಭಕ್ತಿಗಿಂತ ಹೆಚ್ಚಾಗಿ ಎರಡು ಮಾತು ಕನ್ನಡಕ್ಕೆ, ಅದಕ್ಕಿಂತ ಹೆಚ್ಚಾಗಿ ಅಡುಗೆಯ ಶರಣಬಸಮ್ಮನ ಜೋಳದ ರೊಟ್ಟಿಗೆ.

ಗುರು ಕೊಟ್ಟ ಇಷ್ಟಲಿಂಗ ಮೈಮೇಲಿಂದ ಬೇರೆಯಾದರೆ ಪ್ರಾಣವನ್ನೂ ಇಟ್ಟುಕೊಳ್ಳಬಾರದು ಎನ್ನುವುದು ಹಳೆಯ ಕಾಲದ ಕಟ್ಟುನಿಟ್ಟು. ಈಗ ಯಾರೂ ಅಷ್ಟು ದೂರ ಹೋಗುವುದಿಲ್ಲ. ಗುರುಗಳು ಇನ್ನೊಂದು ಲಿಂಗ ಕೊಡುತ್ತಾರೆ, ಕಟ್ಟಿಕೊಂಡು ಮುಂದಿನ ಕೆಲಸ ನೋಡುತ್ತಾರೆ. ಮಠದ ಸ್ವಾಮಿಗಳು ಪ್ರವಾಸದ ಮೇಲೆ ಕಲಬುರ್ಗಿ ಕಡೆ ಹೋಗಿದ್ದರು. ಕುಮಾರಯ್ಯ ಟ್ರಂಕ್ ಕಾಲ್ ಹಚ್ಚಿ ಕೇಳಿದ್ದ. “ನಾನು ಬಂದು ಹೊಸದು ಕೊಡುತ್ತೇನೆ, ಅಲ್ಲಿಯವರೆಗೆ ಪ್ರಸಾದ, ನೀರು ಬಿಡಬೇಡಿ” ಎಂದು ಅವರು ಹೇಳಿದ್ದರೂ ಪ್ರಭುಲಿಂಗಯ್ಯನವರು ಒಪ್ಪಿರಲಿಲ್ಲ. ಸ್ವಾಮಿಗಳ ಮಾತನ್ನೇ ಕೇಳದವರಿಗೆ ಡಾಕ್ಟರ ಮಾತು ಯಾವ ಲೆಕ್ಕ?

ರಿಕ್ಷಾ ಶಿವಾಲ ದಾಟಿ ಬಂಗಾಲಿ ಟೋಲಾದ ಗಲ್ಲಿಯ ಬಾಯಲ್ಲಿ ನನ್ನನ್ನು ಇಳಿಸಿತು. ಮಠದ ಪಡಸಾಲೆಯಲ್ಲಿ ಅಯ್ಯನವರು ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದರು. ನಾಡಿ ಹಿಡಿದರೆ ಓಡುತ್ತಿತ್ತು. ನಾಲಿಗೆ ಒಣಗಿ ಬಿರಿದಿತ್ತು. ಮುಂಗೈ ಚರ್ಮವನ್ನು ಚಿವುಟಿ ಬಿಟ್ಟೆ, ಎತ್ತಿದ್ದು ಎತ್ತಿದ ಹಾಗೇ ನಿಂತಿತು.

“ಇವತ್ತು ಸಂಜೆಯೊಳಗೆ ನೀರು ಹೋಗದಿದ್ದರೆ ಮೂತ್ರಪಿಂಡ ಕೈ ಕೊಡುತ್ತೆ ಅಯ್ಯನೋರೇ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ,” ಎಂದೆ.

“ಡಾಕ್ಟರವ್ವಾ, ನಿನ್ನ ಲಿಂಗ ಎಲ್ಲಿ ಅದ?”

“ಮನೇಲಿ, ಬೀರುವಿನಲ್ಲಿ.”

“ಅಲ್ಲಿ ಭದ್ರ ಇರ್ತದ ಬಿಡು,” ಎಂದು ನಕ್ಕರು. ನಗುವಾಗ ತುಟಿ ಸೀಳಿ ರಕ್ತ ಒಸರಿತು.

ನಾನು ಬಾಟಲಿ ತೆಗೆದು ನೇತುಹಾಕಲು ಮೊಳೆ ಹುಡುಕಿದೆ. “ಸೂಜಿ ಚುಚ್ಚಿದ್ರ ಕಿತ್ತು ಒಗೀತೀನಿ,” ಎಂದರು, ಅದೇ ನಗುವಿನಲ್ಲಿ. ನಾಲ್ಕು ಜನ ಹಿಡಿದುಕೊಂಡರೆ ಚುಚ್ಚಬಹುದಿತ್ತು. ಆದರೆ ಅವರನ್ನು ಹಿಡಿಯುವ ಧೈರ್ಯ ಆ ಮಠದಲ್ಲಿ ಯಾರಿಗಿತ್ತು? ಕುಮಾರಯ್ಯ ನೆಲ ನೋಡುತ್ತ ನಿಂತಿದ್ದ. ಅಡುಗೆಮನೆಯ ಬಾಗಿಲಲ್ಲಿ ಶರಣಬಸಮ್ಮ ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಕುಕ್ಕರಗಾಲಲ್ಲಿ ಕೂತಿದ್ದಳು. ನನ್ನನ್ನು ಕಂಡ ಕೂಡಲೇ ಬಾ ಅಕ್ಕಾ ಅನ್ನುವವಳು ಅವತ್ತು ಮುಖವನ್ನೇ ಎತ್ತಲಿಲ್ಲ.

ಏಕೆಂದರೆ ಆ ಶಿವದಾರ ಹೆಣೆದವಳು ಅವಳು.

ಶರಣಬಸಮ್ಮನ ಗಂಡ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದವನು. ಅವನು ತೀರಿಕೊಂಡ ಮೇಲೆ ಊರವರು ಬಂದು ಕರೆದರೂ ಇವಳು ಹೋಗಲಿಲ್ಲ. “ಊರಿಗಿ ಹೋದ್ರ ಅನ್ನ ಹಾಕ್ತಾರ ಅಕ್ಕಾ, ನನ್ನ ದಾರ ಯಾರು ಹಾಕ್ಕೋತಾರ?” ಎಂದು ನನ್ನನ್ನೇ ಕೇಳಿದ್ದಳು. ಬೆಳಿಗ್ಗೆ ಅಡುಗೆ, ಮಧ್ಯಾಹ್ನ ದಾರ. ದೀಕ್ಷೆಗೆಂದು ಕರ್ನಾಟಕದಿಂದ ಬಂದವರನ್ನು ಎದುರಿಗೆ ಕೂರಿಸಿಕೊಂಡು ಯಾವ ಊರು, ಮನೆಯಲ್ಲಿ ಯಾರಿದ್ದಾರೆ, ನಿದ್ದೆ ಚೆನ್ನಾಗಿ ಬರುತ್ತದೆಯೇ ಎಂದೆಲ್ಲ ವಿಚಾರಿಸುವಳು. ಆಮೇಲೇ ನೂಲಿಗೆ ಕೈ ಹಾಕುವುದು. ಒಬ್ಬರಿಗೆ ಹೆಣೆದ ಹಾಗೆ ಇನ್ನೊಬ್ಬರಿಗೆ ಹೆಣೆದದ್ದನ್ನು ನಾನು ನೋಡಿಲ್ಲ. ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹೆಣೆದರೆ ಬೇಗ ಆಗುತ್ತದಂತೆ; ಲಿಂಗದ ದಾರ ಕಾಲಿಗೆ ತಾಗಬಾರದೆಂದು ಕಂಬಕ್ಕೆ ಮೊಳೆ ಹೊಡೆಸಿಕೊಂಡಿದ್ದಳು. ಎಳೆ ಎಳೆಗೂ ಪಂಚಾಕ್ಷರಿ. ಆ ಹೊತ್ತಿನಲ್ಲಿ ಕರೆದರೆ ಓಗೊಡುವುದಿಲ್ಲ. ಅವಳು ಮಾಡದ ಕೆಲಸ ಒಂದೇ, ಕೊನೆಯ ಗಂಟು. ಅದನ್ನು ಕಟ್ಟಿಕೊಳ್ಳುವವರೇ ಹಾಕಿಕೊಳ್ಳಬೇಕು, ತನ್ನ ಕೈ ಅಲ್ಲಿಗೆ ಹೋಗಬಾರದು ಎಂದು ತಾನೇ ಮಾಡಿಕೊಂಡ ನೇಮ.

ಪ್ರಭುಲಿಂಗಯ್ಯನವರಿಗೆ ಮಾತ್ರ ಆಕೆ ಈ ಸಲ ರೇಷ್ಮೆಯಲ್ಲಿ ಹೆಣೆದಳು. ಮದನಪುರದ ನೇಕಾರರ ಮನೆಯ ಹೆಂಗಸು ಮಗ್ಗದಲ್ಲಿ ಉಳಿದ ಎಳೆಗಳನ್ನು ಕೊಟ್ಟಿದ್ದಳು. ಬಿಲ್ವದೆಲೆಯ ಹಸಿರು, ಕೆಂಪು, ನಡುವೆ ಎಲ್ಲೋ ಒಂದೊಂದು ಬಿಳಿ. ನಾನು ಅದನ್ನು ಕಂಬದ ಮೇಲೆ ಅರ್ಧ ಆಗಿದ್ದಾಗ ನೋಡಿ, ಇದನ್ನು ಮುದುಕರ ಕೊರಳಿಗೆ ಯಾಕೆ ಹಾಕುತ್ತೀಯ, ನನಗೆ ಕೊಡು ಎಂದು ಕಾಡಿದ್ದೆ. ಅಷ್ಟು ಚೆಂದ ಇತ್ತು. ನೂಲು ನೆನೆದರೆ ಗಂಟು ಬಿಗಿಯುತ್ತದೆ, ಹೊಸ ರೇಷ್ಮೆ ನೆನೆದರೆ ಜಾರುತ್ತದೆ. ಈಗ ಅದು ಗಂಗೆಯಲ್ಲಿತ್ತು.

“ಶರಣಬಸಮ್ಮನ ಮುಖ ನೋಡಿಯಾದರೂ ನೀರು ಕುಡೀರಿ,” ಎಂದೆ. “ಹೋದದ್ದು ಆಕೆಯಿಂದ ಅಂತ ಕೊರಗುತ್ತಾ ಇದ್ದಾಳೆ.”

“ಆಕಿದೇನೂ ತಪ್ಪಿಲ್ಲ.” ಅಯ್ಯನವರು ಕಣ್ಣು ಮುಚ್ಚಿಕೊಂಡೇ ಮಾತಾಡಿದರು. ಒಂದೊಂದು ಮಾತಿಗೂ ಉಸಿರು ಸಾಲುತ್ತಿರಲಿಲ್ಲ. “ರೇಷ್ಮಿ ಜಾರ್ತದ, ಗಂಟು ಎರಡು ಸುತ್ತು ಹಾಕ್ರಿ ಅಂತ ಆಕಿ ಹೇಳಿದ್ಳು. ಎರಡು ಸುತ್ತು ಹಾಕಿದ್ರ ದಪ್ಪಗಾಗಿ ಚೆಂದ ಕಾಣೂದಿಲ್ಲಂತ ನಾನೇ ಒಂದು ಸುತ್ತು ಹಾಕಿದೆ. ಚೆಂದ! ಈ ವಯಸ್ಸಿನಾಗ! ಕಟ್ಟಿಕೊಂಡ ದಿನದಿಂದ ಪೂಜಾಕ್ಕ ಕುಂತ್ರ ಕಣ್ಣು ಅಂಗೈಯಾಗಿನ ಲಿಂಗದ ಮ್ಯಾಲ ನಿಲ್ಲಲಿಲ್ಲ. ದಾರದ ಮ್ಯಾಲ ಹೋತು. ಹಂತಾ ದಾರ ನೋಡಿದ್ದೇ ತಪ್ಪು. ಅದಕ್ಕ ಲಿಂಗ ನನ್ನ ಬಿಟ್ಟು ಹೋತು. ಇದು ನನ್ನ ಲೆಕ್ಕ, ನೀವ್ಯಾರೂ ನಡುವ ಬರಬ್ಯಾಡ್ರಿ.”

ಅವರು ಆಕೆಯನ್ನು ಉಳಿಸಲೆಂದೇ ಹೇಳಿದರು. ಆದರೆ ಆ ಮಾತು ಎಲ್ಲಿ ಹೋಗಿ ನಾಟಿತು ಎಂದು ನಾನು ನೋಡಿದೆ. ಶರಣಬಸಮ್ಮ ಎದ್ದು ನಿಂತಳು. ಗಂಟು ಜಾರಿದ್ದನ್ನು ಹೇಗೋ ಸಹಿಸಿಕೊಂಡಿದ್ದಳು. ಅವಳ ದಾರವನ್ನು ನೋಡಿದ್ದೇ ತಪ್ಪು ಎಂದರೆ, ಇಷ್ಟು ವರ್ಷ ಅವಳು ಹೆಣೆದದ್ದೆಲ್ಲ ಜನರ ಕಣ್ಣಿಗೂ ಶಿವನಿಗೂ ನಡುವೆ ಕಟ್ಟಿದ ಪರದೆ ಎಂದ ಹಾಗಾಯಿತಲ್ಲ! ಅಡುಗೆಮನೆಗೆ ಹೋದವಳು ನೂಲಿನ ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಬಂದಳು. ಯಾರ ಕಡೆಗೂ ನೋಡದೆ ಬಾಗಿಲು ದಾಟಿ ಗಲ್ಲಿಗೆ ಇಳಿದಳು.

“ಶರಣಬಸಮ್ಮಾ! ಎಲ್ಲಿಗೆ?”

ಅಯ್ಯನವರನ್ನು ಕುಮಾರಯ್ಯನಿಗೆ ಒಪ್ಪಿಸಿ ನಾನು ಹಿಂದೆಯೇ ಓಡಿದೆ. ಸುಡುವ ಮಧ್ಯಾಹ್ನ, ಗಲ್ಲಿಯಲ್ಲಿ ದನಗಳೂ ನೆರಳು ಬಿಟ್ಟು ಬರುತ್ತಿರಲಿಲ್ಲ. ಅವಳು ಬರಿಗಾಲಲ್ಲಿ ಸರಸರ ನಡೆಯುತ್ತಿದ್ದಳು. ಆಗಾಗ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಸಿಟ್ಟಿಗೆ ಹೀಗೆ ಮಾಡುತ್ತಿದ್ದಾಳೆ ಎಂದುಕೊಂಡೆ.

ಕೇದಾರ ಘಾಟಿನ ಮೆಟ್ಟಿಲ ಕೆಳಗೆ ಎರಡು ದೋಣಿ ನಿಂತಿದ್ದವು. ಕುಮಾರಯ್ಯ ಗೊತ್ತು ಮಾಡಿದ್ದ ದೋಣಿಯ ಮಲ್ಲಾಹರು ಇನ್ನೂ ಮುಳುಗು ಹಾಕುತ್ತಿದ್ದರು. ನನ್ನನ್ನು ಕಂಡು ಒಬ್ಬ ನೀರಿನಿಂದ ತಲೆ ಎತ್ತಿ, “ಬಾಲೂ ಮೇಂ ಧಸ ಗಯಲ್ ಹೋಈ, ಮಾಯಿ,” ಎಂದು ತಲೆ ಅಲ್ಲಾಡಿಸಿದ. ಮರಳಲ್ಲಿ ಹೂತು ಹೋಗಿರಬೇಕು ಎಂದ. ಇನ್ನು ಸಿಗುವುದಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು.

ಶರಣಬಸಮ್ಮ ಆ ಮಾತನ್ನು ಕೇಳಿಸಿಕೊಂಡಳು. ನೀರಿನ ಅಂಚಿಗೆ ಇಳಿದು ಬುಟ್ಟಿಯನ್ನು ಎತ್ತಿದಳು. ಕಾದ ಕಲ್ಲಿನ ಮೇಲೆ ನನ್ನ ಚಪ್ಪಲಿಯೇ ಸುಡುತ್ತಿತ್ತು, ನಾನು ಎರಡೆರಡು ಮೆಟ್ಟಿಲು ಹಾರಿ ಅವಳ ರಟ್ಟೆ ಹಿಡಿದೆ.

“ಬಿಡಕ್ಕಾ. ನಾಳಿಂದ ರೊಟ್ಟಿ ಅಷ್ಟೇ ಬಡೀತೀನಿ. ಈ ಕೈ ಇನ್ನ ದಾರ ಹಿಡಿಯಂಗಿಲ್ಲ.”

“ಹುಚ್ಚು ಹಿಡಿದಿದೆಯಾ ನಿಂಗೆ?”

ಅವಳ ರಟ್ಟೆ ಕೆಂಡದಂತೆ ಸುಡುತ್ತಿತ್ತು. ಬೆವರೇ ಇಲ್ಲ. ಆಗ ಅವಳ ತುಟಿ ನೋಡಿದೆ, ಅಯ್ಯನವರ ತುಟಿಯ ಹಾಗೇ ಬಿರಿದಿತ್ತು. ಅಷ್ಟು ಹೊತ್ತು ಸೆರಗು ಕಚ್ಚಿಕೊಂಡು ಕೂತದ್ದು ಯಾಕೆಂದು ಡಾಕ್ಟರಾದ ನನಗೆ ಹೊಳೆದದ್ದು ಆವಾಗ.

“ನೀನು ನೀರು ಕುಡಿದು ಎಷ್ಟು ಹೊತ್ತಾಯ್ತು?”

“ಅಪ್ಪಾರು ಬಿಟ್ಟಾಗ ನಾನೂ ಬಿಟ್ಟೆ,” ಎಂದವಳು ನನ್ನ ಮೇಲೆಯೇ ಕುಸಿದಳು. ಬುಟ್ಟಿ ಮೆಟ್ಟಿಲ ಮೇಲೆ ಬಿದ್ದು ನೂಲಿನ ಉಂಡೆಗಳು ಉರುಳಿದವು. ನೀರಿಗೆ ಬಿದ್ದದ್ದನ್ನು ಮಲ್ಲಾಹರು ಹಿಡಿದು ಕೊಟ್ಟರು.

ಅವರೇ ಅವಳನ್ನು ಹೊತ್ತು ಮಠಕ್ಕೆ ತಂದರು. ಪಡಸಾಲೆಯಲ್ಲಿ ಅಯ್ಯನವರ ಎದುರಿಗೇ ಮಲಗಿಸಿ ಒದ್ದೆ ಬಟ್ಟೆ ಹೊದಿಸಿ ಎಂದೆ. ಅವಳು ದಾರ ಹೆಣೆಯುವ ಮೊಳೆಗೇ ಬಾಟಲಿ ನೇತುಹಾಕಿ ಸೂಜಿ ಎತ್ತಿದರೆ ಕೈಯನ್ನು ಮೈಯಡಿಗೆ ಎಳೆದುಕೊಂಡಳು. ಬಾಯಿಗೆ ಲೋಟ ಹಿಡಿದರೆ ಹಲ್ಲು ಕಚ್ಚಿದಳು. ನನಗೆ ಅಳು ಬಂತು. ಸಿಟ್ಟು ಅದಕ್ಕಿಂತ ಜೋರಾಗಿ ಬಂತು.

“ನೋಡಿ ಅಯ್ಯನೋರೇ!” ಎಂದು ಕಿರುಚಿಬಿಟ್ಟೆ. ಆ ಮಠದಲ್ಲಿ ಅವರೆದುರು ಯಾರೂ ದನಿ ಎತ್ತಿದವರಿಲ್ಲ. “ನಿಮ್ಮ ಲೆಕ್ಕ, ನಡುವೆ ಬರಬೇಡಿ ಅಂದ್ರಲ್ಲ? ಬಂದಿದ್ದಾಳೆ ನೋಡಿ. ಇವಳಿಗೆ ಜ್ವರ ನೆತ್ತಿಗೇರಿದೆ. ಇವಳು ನಿಮಗಿಂತ ಮೊದಲು ಹೋಗುತ್ತಾಳೆ.”

ಅಯ್ಯನವರು ಕಣ್ಣು ಬಿಟ್ಟರು. ಕಂಬ ಬಿಟ್ಟು ಮುಂದಕ್ಕೆ ಬಾಗಿ, ಕೈಯೂರಿ, ತೆವಳಿಕೊಂಡು ಅವಳ ಹತ್ತಿರ ಬಂದರು. “ಯವ್ವಾ, ಇದೇನು ಮಾಡಿದಿ? ನೀರು ಕುಡಿ.”

“ಅಪ್ಪಾರ, ಒಂದು ಮಾತು ಕೇಳ್ತೀನಿ.” ದನಿ ಎಷ್ಟು ಸಣ್ಣಗಿತ್ತೆಂದರೆ ಕುಮಾರಯ್ಯ ಫ್ಯಾನು ನಿಲ್ಲಿಸಿದ. “ದಾರ ನೋಡಿದ್ದೇ ತಪ್ಪು ಅಂದ್ರಿ. ನಾ ಇಷ್ಟು ವರ್ಷ ಅದನ್ನೇ ನೋಡ್ಕೋತ ಬಂದೀನಿ. ಕಣ್ಣು ಮುಚ್ಚಿ ಪೂಜಾಕ್ಕ ಕುಂತ್ರ ನನಗ ಒಲಿ ಮ್ಯಾಲಿನ ಬ್ಯಾಳಿ ನೆಪ್ಪಾಗ್ತದ, ಸತ್ತ ಗಂಡ ನೆಪ್ಪಾಗ್ತಾನ. ದಾರ ಹಿಡದಾಗಷ್ಟೇ ಶಿವ ಬಂದು ಕುಂದರ್ತಾನ. ಅಂವ ಶಿವ ಅಲ್ಲಂದ್ರ, ನಾ ನೋಡಿದ್ದು ಯಾರನ್ನ ಅಪ್ಪಾರ?”

ಹೊರಗೆ ಗಾಳಿ ಬಾಗಿಲನ್ನು ಬಡಿಯುತ್ತಿತ್ತು. ಅಯ್ಯನವರ ಬಾಯಿಯಲ್ಲಿ ಯಾವ ಪ್ರಶ್ನೆಗೂ ಉತ್ತರ ಸಿದ್ಧವಿರುತ್ತಿತ್ತು. ಪಂಡಿತರು ಬಂದು ವಾದಕ್ಕೆ ಕೂತಾಗ ನಾನೇ ನೋಡಿದ್ದೇನೆ. ಈಗ ಅವರು ಉತ್ತರ ಹುಡುಕದೆ ನನ್ನ ಕಡೆ ತಿರುಗಿದರು. ಶರಣಬಸಮ್ಮ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ನಾನು ಲೋಟ ಹಿಡಿದುಕೊಂಡೇ ಇದ್ದೆ.

ಅಯ್ಯನವರು ಲೋಟ ಕಿತ್ತುಕೊಂಡರು. ಅವಳ ತುಟಿಗೆ ಹಿಡಿದರು. ಅವಳು ಬಾಯಿ ತೆರೆಯಲಿಲ್ಲ.

ಆಗ ಲೋಟವನ್ನು ತಿರುಗಿಸಿ ತಾವೇ ಒಂದು ಗುಟುಕು ಕುಡಿದರು. ಕೆಮ್ಮು ಬಂತು. ತಡೆದುಕೊಂಡು ಇನ್ನೊಂದು ಗುಟುಕು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅಷ್ಟು ಒಣಗಿದ ಮೈಯಲ್ಲಿ ಅದೆಲ್ಲಿ ಉಳಿದಿತ್ತೋ ನನಗೆ ಗೊತ್ತಿಲ್ಲ.

“ನನ್ನ ಲಿಂಗ ಗಂಗಾದಾಗ ಹೋತು ತಾಯಿ. ನಿಂದು ನನ್ನ ಬಾಯಿಂದ ಹೋಗ್ತಿತ್ತು,” ಎಂದರು. “ನೀ ನೋಡಿದ್ದು ಅವನನ್ನೇ. ಕುಡಿ.”

ಶರಣಬಸಮ್ಮ ಬಾಯಿ ತೆರೆದಳು. ನಾನು ಅವಳ ಕೈ ಎಳೆದು ಸೂಜಿ ಚುಚ್ಚಿದೆ, ಈ ಸಲ ಅವಳು ತಡೆಯಲಿಲ್ಲ. ಅಯ್ಯನವರಿಗೂ ಚುಚ್ಚಿದೆ. ಅವರು ಕಿತ್ತು ಒಗೆಯಲಿಲ್ಲ.

ಸ್ವಾಮಿಗಳು ಮರಳಿ ಬರುವ ಹೊತ್ತಿಗೆ ಇಬ್ಬರೂ ಎದ್ದು ಓಡಾಡುವಂತಾಗಿದ್ದರು. ಹೊಸ ಲಿಂಗ ಕೊಡುವ ದಿನ ನನ್ನನ್ನೂ ಕರೆದರು. ಅದಕ್ಕೆ ಮುಂಚಿನ ಮಧ್ಯಾಹ್ನ ಶರಣಬಸಮ್ಮ ಬುಟ್ಟಿ ಮುಂದಿಟ್ಟುಕೊಂಡು ಅಯ್ಯನವರನ್ನು ಎದುರಿಗೆ ಕೂರಿಸಿಕೊಂಡಿದ್ದಳಂತೆ. “ನೂಲಿಂದ ಹೆಣೀಲ್ಯಾ ಅಪ್ಪಾರ?” ಎಂದು ಕೇಳಿದ್ದಕ್ಕೆ, “ರೇಷ್ಮಿದೇ ಹೆಣಿ. ಮೊದಲಿನಕಿಂತಾ ಚೆಂದ ಆಗಬೇಕು,” ಎಂದರಂತೆ. ಕುಮಾರಯ್ಯ ಹೇಳಿ ಹೇಳಿ ನಗುತ್ತಿದ್ದ.

ಪೂಜೆ ಮುಗಿದ ಮೇಲೆ ಅಯ್ಯನವರು ಪಡಸಾಲೆಗೆ ಬಂದು ಅದೇ ಕಂಬದ ಹತ್ತಿರ ಕೂತರು. ಹೊಸ ಕರಡಿಗೆಗೆ ದಾರ ಪೋಣಿಸಿ, ಎರಡು ತುದಿ ಹಿಡಿದು ಗಂಟು ಹಾಕಿದರು. ಒಂದು ಸುತ್ತು. ಶರಣಬಸಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಇನ್ನೊಂದು ಸುತ್ತು ಅಪ್ಪಾರ.”

“ಹಾಕ್ತೀನಿ ತಡಿಯವ್ವಾ.” ಇನ್ನೊಂದು ಸುತ್ತು ಹಾಕಿದರು. ಗಂಟು ದಪ್ಪಗೆ, ವಕ್ರವಾಗಿ ಕಾಣುತ್ತಿತ್ತು. ಜಗ್ಗಿ ನೋಡಿದರು. ಸಮಾಧಾನವಾಗಲಿಲ್ಲವೆಂದು ಕಾಣುತ್ತದೆ, ಅವಳ ಕಡೆ ಕೈ ಚಾಚಿದರು.

“ನನ್ನ ಕೈಯಾಗ ಕಸುವಿಲ್ಲ. ನೀ ಒಮ್ಮೆ ಬಿಗಿ.”

ಅವಳು ಅಲ್ಲಾಡದೆ ನಿಂತಳು. ಯಾರ ದಾರದ ಕೊನೆಯ ಗಂಟಿಗೂ ಕೈ ಹಚ್ಚದವಳು. ಅಯ್ಯನವರು ಚಾಚಿದ ಕೈಯನ್ನು ಹಿಂತೆಗೆಯಲಿಲ್ಲ. ಶರಣಬಸಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು, ಅವರೆದುರು ಕೂತು, ಎರಡೂ ತುದಿ ಹಿಡಿದು ಗಟ್ಟಿಯಾಗಿ ಬಿಗಿದಳು.