ಕಿವಿರು ಕಲಿಯುವ ಕೆಲಸ

ತಮ್ಮ ತನ್ನ ಟ್ಯಾಂಕರ್ ಲಾರಿಯನ್ನು ಮೀನುಮರಿ ಕೇಂದ್ರದ ಬಾಗಿಲಿಗೇ ತಂದು ನಿಲ್ಲಿಸಿದಾಗ ಅಕ್ಕ ಮೊಣಕೈವರೆಗೆ ತೊಟ್ಟಿಯೊಳಗೆ ಕೈ ಇಳಿಸಿದ್ದಳು. ಸಿಹಿನೀರಿನಲ್ಲಿ ಸಾಲ್ಮನ್ ಮರಿಗಳನ್ನು ಬೆಳೆಸುವುದು ಹದಿನೆಂಟು ವರ್ಷದಿಂದ ಅವಳ ಕೆಲಸ. ಬೆಳೆದವನ್ನು ಒಯ್ದು ಸಮುದ್ರದ ಬಲೆಪಂಜರಗಳಲ್ಲಿ ಸಾಕುವುದು ಅವನದು.

“ಎಲ್ಲಾ ಬೆಳ್ಳಿ ಹಾಗೆ ಹೊಳೀತಿವೆ. ತುಂಬಿಸೋಣ ನಡಿ,” ಎಂದ.

“ಬೆಳ್ಳಗಿರೋದೆಲ್ಲ ಹಾಲಲ್ಲ. ಇನ್ನೂ ಎರಡು ವಾರ ಬೇಕು.”

“ಅಲ್ಲಿ ಪಂಜರ ಕಟ್ಟಿ ಕಾಯ್ತಾ ಇದೀನಕ್ಕಾ!”

“ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿ ಅಂತ ನಾನು ಹೇಳಿದ್ನಾ?”

ಅವಳು ಒಂದು ಮರಿಯನ್ನು ಕೈಬಲೆಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಪಕ್ಕೆಯುದ್ದಕ್ಕೂ ಬೆರಳೊತ್ತಿದಂಥ ಕಪ್ಪು ಗುರುತುಗಳು ಮಸುಕಾಗಿ ಕಾಣುತ್ತಿದ್ದವು.

“ಇದು ಹೋಗಿಲ್ಲ ನೋಡು. ಸಿಹಿನೀರಲ್ಲಿ ಕಿವಿರು ಉಪ್ಪನ್ನ ಒಳಗೆ ಎಳ್ಕೊಳ್ಳುತ್ತೆ. ಸಮುದ್ರದಲ್ಲಿ ಅದೇ ಕಿವಿರು ಉಪ್ಪನ್ನ ಹೊರಗೆ ದಬ್ಬಬೇಕು. ಅದನ್ನ ಕಲಿಯೋ ಮುಂಚೆ ಕಳಿಸಿದ್ರೆ ಅಷ್ಟು ನೀರಿನ ಮಧ್ಯೆ ಒಣಗಿ ಸಾಯುತ್ತೆ.”

ತಮ್ಮ ಮುಖ ಊದಿಸಿಕೊಂಡ. ಅಕ್ಕ ವಾದಕ್ಕಿಳಿಯಲಿಲ್ಲ. ಒಂದು ಸಣ್ಣ ತೊಟ್ಟಿಗೆ ಸಮುದ್ರದಷ್ಟೇ ಉಪ್ಪು ಬೆರೆಸಿ, ಇಪ್ಪತ್ತು ಮರಿಗಳನ್ನು ಬಿಟ್ಟಳು. “ನಾಳೆ ಇದೇ ಹೊತ್ತಿಗೆ ಬಾ.”

ಮರುದಿನ ಬಂದಾಗ ಎರಡು ಸತ್ತಿದ್ದವು. ಆರು ಕಪ್ಪಗಾಗಿ ತಳ ಹಿಡಿದಿದ್ದವು. ಉಳಿದವುಗಳಲ್ಲಿ ಕೆಲವುಗಳ ರಕ್ತ ತೆಗೆದು ಪರೀಕ್ಷಿಸಿದರೆ ಅದರಲ್ಲೂ ಉಪ್ಪು ಮಿತಿಮೀರಿತ್ತು. ತಮ್ಮ ಕುಕ್ಕರುಗಾಲಲ್ಲಿ ಕೂತು ಸತ್ತ ಮರಿಯೊಂದನ್ನು ಎತ್ತಿ ನೋಡಿದ.

“ಒಂದು ಲಾರಿ ಮೀನು ಸಾಯಿಸ್ತಿದ್ದೆ ನಾನು,” ಎಂದವನೇ ಖಾಲಿ ಲಾರಿ ತಿರುಗಿಸಿಕೊಂಡು ಹೋದ.

ವಸಂತ ಬಂತೆಂದು ಮರಿಗಳ ಮೈ ಸಮುದ್ರಕ್ಕೆ ಸಜ್ಜಾಗಲೆಂದು ಅಕ್ಕ ದೀಪಗಳನ್ನು ಹೆಚ್ಚು ಹೊತ್ತು ಉರಿಸಿ ಹಗಲನ್ನು ಉದ್ದ ಮಾಡಿದಳು. ದಿನಾ ಬೆಳಿಗ್ಗೆ ತೊಟ್ಟಿಯ ಅಂಚಿಗೆ ಬಂದು ನಿಲ್ಲುತ್ತಿದ್ದಳು. ಅಲ್ಲಿಯವರೆಗೂ ಹರಿವಿಗೆ ಎದುರಾಗಿ ಈಜುತ್ತಿದ್ದ ಮರಿಗಳು ಹನ್ನೆರಡನೆಯ ದಿನ ಗುಂಪುಗುಂಪಾಗಿ ತಿರುಗಿ ಹರಿವಿನ ಜೊತೆಗೇ ಹೊರಟಿದ್ದವು. ಪಕ್ಕೆಯ ಗುರುತು ಅಳಿಸಿಹೋಗಿತ್ತು, ರೆಕ್ಕೆಗಳ ಅಂಚು ಕಪ್ಪಾಗಿತ್ತು. ಮುಟ್ಟಿದರೆ ಹುರುಪೆ ಕೈಗೆ ಅಂಟುತ್ತಿತ್ತು. ಅವಳು ಮತ್ತೆ ಇಪ್ಪತ್ತನ್ನು ಉಪ್ಪುನೀರಿಗೆ ಬಿಟ್ಟಳು. ಮರುದಿನ ಇಪ್ಪತ್ತೂ ಚುರುಕಾಗಿದ್ದವು. ಆಗ ತಮ್ಮನಿಗೆ ತಾನೇ ಫೋನ್ ಮಾಡಿದಳು: “ಈಗ ಬಾ.”

ಮೀನು ಸಮುದ್ರ ಸೇರಿದ ನಾಲ್ಕನೆಯ ದಿನ ಅವನ ಫೋನ್ ಬಂತು.

“ಮೇವು ಹಾಕಿದ್ರೆ ನೀರೇ ಕುದಿಯೋ ಹಾಗೆ ಎಗರ್ತಿವೆ ಅಕ್ಕಾ! ಒಂದೂ ಸತ್ತಿಲ್ಲ.”

“ಉಪ್ಪು ತಿಂದವರು ನೀರು ಕುಡೀಲೇಬೇಕು. ಕುಡಿದ ನೀರಿನ ಉಪ್ಪನ್ನ ಉಗಿಯೋದೂ ಈಗ ಅವಕ್ಕೆ ಗೊತ್ತು,” ಎಂದು ಅಕ್ಕ ನಕ್ಕಳು.

“ಆ ಉಪ್ಪುನೀರಿನ ಪರೀಕ್ಷೆ ನನಗೂ ಕಲಿಸಿಕೊಡ್ತೀಯಾ?”

“ಸೋಮವಾರ ಬಾ. ಗಂಬೂಟು ಮರೀಬೇಡ.”