ಡಾಕ್ಟರ್ ಬಂಗಾರಮ್ಮ ಮರಳಿ ಬಾರದ ದಿನ

ಡಾಕ್ಟರ್ ಬಂಗಾರಮ್ಮ ಮತ್ತೆ ಬಂದಿದ್ದರು.

ಯಶೋಧರಾ ಕಂಪ್ಯೂಟರ್ ಪರದೆಯನ್ನು ನೋಡುತ್ತಾ ಕೂತುಬಿಟ್ಟಳು. ಬೆಳಿಗ್ಗೆ ತಾನೇ ಅಳಿಸಿದ್ದ ಹೆಸರು ಏನೂ ಆಗದ ಹಾಗೆ ಅಲ್ಲೇ ಇತ್ತು. ನಿಜಕ್ಕೂ ಆ ಹೆಸರಿನ ಡಾಕ್ಟರು ಯಾರೂ ಇರಲಿಲ್ಲ. ಪರೀಕ್ಷೆಗೆ ಒಂದು ಸುಳ್ಳು ಹೆಸರು ಬೇಕೆಂದಾಗ ಭದ್ರಾವತಿ ಕಚೇರಿಯ ಮುರಳಿ ತನ್ನ ಅಜ್ಜಿಯನ್ನೇ ಹೃದಯರೋಗ ತಜ್ಞೆ ಮಾಡಿದ್ದ.

ಆಸ್ಪತ್ರೆ ಒಂದೇ, ಊರು ಎರಡು. ದೊಡ್ಡದು ಶಿವಮೊಗ್ಗದ ಹೊಸಮನೆಯಲ್ಲಿ, ಶಾಖೆ ಭದ್ರಾವತಿಯಲ್ಲಿ. ಸಿಬ್ಬಂದಿಯ ಹೆಸರು, ಪಾಸ್‌ವರ್ಡ್, ಯಾರು ಯಾವ ಕಡತ ತೆರೆಯಬಹುದು ಎಂಬುದೆಲ್ಲ ಇನ್ನು ಮುಂದೆ ಎಲ್‌ಡ್ಯಾಪ್ ಎಂಬ ಒಂದೇ ಕಂಪ್ಯೂಟರ್ ಡೈರೆಕ್ಟರಿಯಲ್ಲಿ ಇರಬೇಕೆಂದು ತೀರ್ಮಾನವಾಗಿತ್ತು. ಊರಿಗೊಂದು ಸರ್ವರ್. ಒಂದರಲ್ಲಿ ಬರೆದದ್ದು ಟೆಲಿಫೋನ್ ಲೈನಿನಲ್ಲಿ ಹೋಗಿ ಇನ್ನೊಂದರಲ್ಲಿ ತಾನಾಗಿಯೇ ಮೂಡುತ್ತಿತ್ತು. ನಿಜವಾದ ಡಾಕ್ಟರು, ನರ್ಸುಗಳ ಹೆಸರು ಹಾಕುವ ಮೊದಲು ಅದನ್ನು ನಾನಾ ಥರ ಕಾಡಿಸಿ ನೋಡಬೇಕಿತ್ತು. ಪ್ರತಿ ಪರೀಕ್ಷೆಯಾದ ಮೇಲೂ ಎರಡೂ ಸರ್ವರ್‌ಗಳು ಮೊದಲಿದ್ದ ಸ್ಥಿತಿಗೆ ಮರಳಬೇಕು. ಇಲ್ಲದಿದ್ದರೆ ಮುಂದಿನ ಪರೀಕ್ಷೆಗೆ ಅರ್ಥವೇ ಇಲ್ಲ. ಹಾಗೆ ಮರಳಿಸುವುದು ಶಿವಮೊಗ್ಗದಲ್ಲಿದ್ದ ಯಶೋಧರೆಯ ಕೆಲಸ. ಅದೇ ಆಗುತ್ತಿರಲಿಲ್ಲ.

ಹಗಲು ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತವಳು ಅವಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಯಂತ್ರ ತಪ್ಪು ತೋರಿಸಿದಾಗಲೆಲ್ಲ ಅವಳು ಮೊದಲು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

"ಶುಕ್ರವಾರ ಆಡಳಿತ ಮಂಡಳಿಯವರು ನೋಡೋಕೆ ಬರ್ತಾರೆ," ಎಂದರು ವಿಭಾಗದ ಮುಖ್ಯಸ್ಥ ಶಿವಪ್ರಸಾದ್. "ಅಷ್ಟರೊಳಗೆ ಆಗದಿದ್ರೆ ಮಂಗಳೂರಿನ ಕಂಪನಿಗೆ ಒಪ್ಪಿಸಿಬಿಡ್ತೀನಿ. ನಿಮ್ಮ ಮೇಲೆ ಸಿಟ್ಟಿಲ್ಲಮ್ಮ."

ಸಿಟ್ಟಾದರೂ ಮಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಗುರುವಾರ ಸಂಜೆ ಬಸ್ಸಿನಲ್ಲಿ ಭದ್ರಾವತಿಯ ಕಾಗದನಗರದ ಮನೆಗೆ ಬರುವಾಗಲೂ ತಾನು ಮಾಡಿದ್ದನ್ನೇ ಮತ್ತೆ ಮತ್ತೆ ಲೆಕ್ಕ ಹಾಕಿದಳು. ಶಿವಮೊಗ್ಗದ ಸರ್ವರ್ ನಿಲ್ಲಿಸಿ, ಹಳೆಯ ಪ್ರತಿ ತುಂಬಿ, ಶುರು ಮಾಡುವುದು. ಆಮೇಲೆ ಭದ್ರಾವತಿಯದು. ಎರಡನ್ನೂ ಒಟ್ಟಿಗೆ ಅವಳು ಎಂದೂ ನಿಲ್ಲಿಸಿರಲಿಲ್ಲ. ನಿಲ್ಲಿಸಬೇಡ ಎಂದು ಯಾರೂ ಹೇಳಿರಲೂ ಇಲ್ಲ. ಆದರೆ ಅವಳು ಕಾಗದದ ಗಿರಣಿಯ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಅಲ್ಲಿ "ಮಷೀನ್ ನಿಂತಿದೆಯಂತೆ" ಎಂಬ ಮಾತನ್ನು ಯಾರಿಗೋ ಕಾಯಿಲೆಯಾದ ಹಾಗೆ ಮೆಲ್ಲಗೆ ಆಡುತ್ತಿದ್ದರು. ಒಂದು ಪಂಪು ಬಿಚ್ಚಿದರೆ ಇನ್ನೊಂದು ಓಡುತ್ತಲೇ ಇರಬೇಕು.

ಅಡುಗೆಮನೆಯ ಗೂಡಿನಿಂದ ಲೋಟ ತೆಗೆಯುವಾಗ ಕೆಳಗೆ ಹಾಸಿದ್ದ ಕಾಗದ ಕೈಗೆ ಬಂತು. ಅದು ಪೂರ್ತಿ ಗುಲಾಬಿಯೂ ಅಲ್ಲ, ಬಿಳಿಯೂ ಅಲ್ಲ. ಚಿಕ್ಕಂದಿನಿಂದ ನೋಡಿದ್ದೇ.

"ಅಪ್ಪ, ಇದು ಯಾಕೆ ಹಿಂಗಿದೆ?"

ಪುಟ್ಟಯ್ಯ ಗಿರಣಿಯಲ್ಲಿ ಕಾಗದದ ಮಷೀನಿನ ಮುಂದೆಯೇ ಆಯುಷ್ಯ ಕಳೆದವನು. "ಗುಲಾಬಿ ಮುಗಿಸಿ ಬಿಳಿಗೆ ತಿರುಗೋವಾಗ ನಡುವೆ ಬರೋದು ಅದು. ನೀರು ಸುತ್ತುತ್ತಾ ಇರುತ್ತಲ್ಲ, ಒಂದು ತೊಟ್ಟಿ ತೊಳೆದ್ರೆ ಇನ್ನೊಂದರ ಬಣ್ಣ ಬಂದು ಕೂರುತ್ತೆ."

"ಆಮೇಲೆ ಅದನ್ನ ತೊಳೆದ್ರೆ?"

"ಇದರದ್ದು ಅದಕ್ಕೆ ಹೋಗುತ್ತೆ. ಅಚ್ಚ ಬಿಳಿ ಬೇಕಂದ್ರೆ ಎಲ್ಲಾ ನಿಲ್ಲಿಸಬೇಕು."

"ಎಲ್ಲಾನೂ?"

"ಮತ್ತೆ? ನಿಲ್ಲಿಸೋಕೆ ಹೆದರ್ತಾ ಕೂತ್ರೆ ಜೀವನವೆಲ್ಲ ಗುಲಾಬಿ ಕಾಗದವೇ."

ಯಶೋಧರೆಯ ಲೋಟ ಹಿಡಿದ ಕೈ ಅಲ್ಲೇ ನಿಂತಿತು. ತಾನು ಶಿವಮೊಗ್ಗವನ್ನು ತೊಳೆಯುವಾಗ ಭದ್ರಾವತಿ ಬಂಗಾರಮ್ಮನನ್ನು ಕಾಪಾಡಿಕೊಂಡಿತ್ತು. ಭದ್ರಾವತಿಯನ್ನು ತೊಳೆಯುವ ಹೊತ್ತಿಗೆ ಅವಳು ಶಿವಮೊಗ್ಗ ಸೇರಿಯಾಗಿತ್ತು!

ಶುಕ್ರವಾರ ಬೆಳಿಗ್ಗೆ ಫೋನ್ ಕಿವಿಗಿಟ್ಟುಕೊಂಡು ಹೇಳಿದಳು. "ಮುರಳಿ, ನಿನ್ನ ಸರ್ವರ್ ನಿಲ್ಲಿಸು. ಇಲ್ಲಿಯದನ್ನೂ ನಿಲ್ಲಿಸ್ತೀನಿ."

"ಎರಡೂನಾ? ಹುಷಾರಾಗಿದೀಯಾ ತಾನೇ, ಮಾರಾಯ್ತಿ?"

ಬಾಗಿಲಲ್ಲಿ ನಿಂತಿದ್ದ ಶಿವಪ್ರಸಾದ್ ಒಳಗೆ ಬಂದರು. "ಇವತ್ತು ಯಾಕಮ್ಮ ಹೊಸ ಸಾಹಸ? ಎರಡೂ ಏಳದೇ ಹೋದ್ರೆ?"

"ನನಗೂ ಹೆದರಿಕೆ ಇದೆ ಸಾರ್," ಎಂದಳು. "ಆದ್ರೂ ನಿಲ್ಲಿಸ್ತೀನಿ."

ನಿಲ್ಲಿಸಿದಳು. ಎರಡೂ ಊರಿನ ಡೈರೆಕ್ಟರಿ ಖಾಲಿ ಮಾಡಿಸಿದಳು. ಸರ್ವರ್‌ಗಳ ನಡುವಿನ ಲೈನ್ ಬಿಡಿಸಿ, ಮೊದಲ ದಿನ ಸಿಡಿಯಲ್ಲಿ ಇಟ್ಟಿದ್ದ ಪ್ರತಿಯನ್ನು ಶಿವಮೊಗ್ಗಕ್ಕೆ ಮಾತ್ರ ತುಂಬಿದಳು. ಸರ್ವರ್ ಎದ್ದಿತು. ಬಂಗಾರಮ್ಮ ಇರಲಿಲ್ಲ.

"ಮುರಳಿ, ನಿನ್ನ ಹತ್ತಿರ ಇರೋ ಹಳೇ ಪ್ರತಿ ಮುಟ್ಟಬೇಡ. ಲೈನ್ ಸೇರಿಸ್ತೀನಿ, ಪೂರ್ತಿ ಇಲ್ಲಿಂದಲೇ ತಗೋ."

ಇಷ್ಟು ದಿನ ಬಂಗಾರಮ್ಮ ಮರಳುತ್ತಿದ್ದದ್ದು ಈ ಗಳಿಗೆಯಲ್ಲೇ. ಫೋನಿನಲ್ಲಿ ಮುರಳಿ ಕೀಲಿ ಒತ್ತುವ ಸದ್ದು ಕೇಳುತ್ತಿತ್ತು.

"ಏನಾಯ್ತೋ, ಇದಾರಾ?"

"ಹುಡುಕ್ತಿದೀನಿ, ತಡಿ... ಅಜ್ಜಿ ಇಲ್ಲ. ಅಜ್ಜಿ ಇಲ್ವೇ ಇಲ್ಲ ಕಣೇ!"

ಶಿವಪ್ರಸಾದ್ ಕುರ್ಚಿಯ ಬೆನ್ನು ತಟ್ಟಿದರು. ಯಶೋಧರೆಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಎರಡು ಸರ್ವರ್‌ಗಳೂ ಒಂದಕ್ಕೊಂದು ಮಾತು ಬಿಟ್ಟಿದ್ದರೆ? ಅದಕ್ಕೇ ಬಂಗಾರಮ್ಮ ಬಾರದೇ ಇದ್ದರೆ? ಶಿವಮೊಗ್ಗದಲ್ಲಿ ಒಂದು ಹೊಸ ಹೆಸರು ಬರೆದು ಕಾದಳು.

"ಏ, ಇಲ್ಲಿ ಯಾರೋ ಡಾಕ್ಟರ್ ಪುಟ್ಟಯ್ಯ ಬಂದ್ರು! ಯಾವ ರೋಗದ ತಜ್ಞರು ಇವರು?"

"ಗುಲಾಬಿ ರೋಗದ್ದು," ಎಂದಳು ಯಶೋಧರಾ. ತಡೆಯಲಾರದೆ ನಕ್ಕುಬಿಟ್ಟಳು.

ಮಧ್ಯಾಹ್ನ ಆಡಳಿತ ಮಂಡಳಿಯವರು ಬಂದು ಸುತ್ತ ಕೂತರು. ಹೆಸರು ಸೇರಿಸಿದರು, ಲೈನ್ ಬಿಡಿಸಿ ಹೆಸರು ತಿದ್ದಿದರು, ಬೇಕೆಂದೇ ಕೆಡಿಸಿದರು. ಪ್ರತಿ ಸಲವೂ ಅವಳು ಎರಡೂ ಊರನ್ನು ನಿಲ್ಲಿಸಿ, ತೊಳೆದು, ಮೊದಲ ದಿನದ ಹಾಗೆ ಎಬ್ಬಿಸಿ ಮುಂದಿಟ್ಟಳು. ಹಿರಿಯರಾದ ಶ್ರೀನಿವಾಸಮೂರ್ತಿಗಳು ಕನ್ನಡಕ ಸರಿಮಾಡಿಕೊಂಡು, "ಸೋಮವಾರದಿಂದ ನಮ್ಮ ನರ್ಸುಗಳ ಹೆಸರು ಹಾಕಿ," ಎಂದರು. ಶಿವಪ್ರಸಾದ್ ಅಲ್ಲೇ ಮಂಗಳೂರಿಗೆ ಫೋನ್ ಮಾಡಿದರು. "ಬೇಡ ಸಾರ್, ನಮ್ಮ ಹುಡುಗೀನೇ ಇದಾಳೆ. ಇನ್ನು ಮೇಲೆ ಖಾಯಂ."

ಹೊರಡುವ ಮುಂಚೆ ಶ್ರೀನಿವಾಸಮೂರ್ತಿಗಳಿಗೆ ಮಕ್ಕಳ ಹಾಗೆ ಆಸೆಯಾಯಿತು. "ಇನ್ನೊಂದು ಸಲ ತೋರಿಸ್ತೀಯೇನಮ್ಮ?"

"ಅದಕ್ಕೇನು ಸಾರ್," ಎಂದು ಯಶೋಧರಾ ಎರಡನ್ನೂ ನಿಲ್ಲಿಸಿದಳು. ಬೆರಳುಗಳ ಕಡೆ ನೋಡಿಕೊಳ್ಳಲೇ ಇಲ್ಲ.