ಕೆಂಪು ಬಾಲದ ತಟ್ಟೆ

ಡೈರಿಯ ಹಿಂದಿನ ಬೀಳು ಜಮೀನಿನಲ್ಲಿ ಮೊದಲ ಬುಟ್ಟಿ ನೆಟ್ಟವನು ವೆಲ್ಡರ್. ಹಳೆಯ ನೀರಿನ ಪೈಪೊಂದನ್ನು ಕಂಬವಾಗಿ ನಿಲ್ಲಿಸಿ, ಅದರ ನೆತ್ತಿಗೆ ಕಬ್ಬಿಣದ ಬಳೆ ಬೆಸೆದು, ಬಳೆಯಿಂದ ಸರಪಳಿಗಳನ್ನು ಇಳಿಬಿಟ್ಟು, ಕೆಳಗೆ ತಂತಿಯ ಬುಟ್ಟಿ ಕೂರಿಸಿದ್ದ. ದೂರದಲ್ಲಿ ನಿಂತು ಊಟದ ತಟ್ಟೆಯಷ್ಟಗಲದ ಪ್ಲಾಸ್ಟಿಕ್ ತಟ್ಟೆಯನ್ನು ಬೀಸಿ ಎಸೆಯಬೇಕು. ಅದು ಬಿದ್ದಲ್ಲಿಗೆ ನಡೆದು ಅಲ್ಲಿಂದ ಮತ್ತೆ ಎಸೆಯಬೇಕು. ಕೊನೆಗೆ ಸರಪಳಿಗೆ ಬಡಿದು ಬುಟ್ಟಿಯೊಳಗೆ ಬೀಳಬೇಕು. ಎಸೆತ ಕಡಿಮೆಯಾದಷ್ಟೂ ಆಟ ಒಳ್ಳೆಯದು. ಡಿಸ್ಕ್ ಗಾಲ್ಫ್ ಎಂಬ ಈ ಆಟದ ಹುಚ್ಚು ವೆಲ್ಡರನಿಗೆ ಹತ್ತಿದ್ದು ಭಾವನಿಂದ, ಅಂದರೆ ಅಕ್ಕನ ಗಂಡನಿಂದ.

ಭಾವ ಡೈರಿಯ ಟ್ಯಾಂಕರ್ ಓಡಿಸುವವನು. ಕತ್ತಲಿರುವಾಗಲೇ ಎದ್ದು ಹಳ್ಳಿಹಳ್ಳಿ ಸುತ್ತಿ ಹಾಲು ತುಂಬಿಸಿಕೊಂಡು ಬರುತ್ತಿದ್ದ. ಮದುವೆಗೆ ಮುಂಚಿನಿಂದಲೂ ಅದೇ ಕೆಲಸ, ಅದೇ ದಾರಿ. ಯಾವ ತಿರುವಿನಲ್ಲಿ ಯಾವ ಗುಂಡಿ, ಯಾವ ಮನೆಯ ನಾಯಿ ಎಲ್ಲಿಯವರೆಗೆ ಅಟ್ಟಿಸಿಕೊಂಡು ಬರುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಡೈರಿಯ ಹಿಂದಿನ ಮೈದಾನವೂ ಹಾಗೆಯೇ. ಅಲ್ಲಿ ಅವನನ್ನು ಸೋಲಿಸಿದವರು ಯಾರೂ ಇರಲಿಲ್ಲ.

ಮೊದಲೆಲ್ಲ ಬೇಸಿಗೆಯಲ್ಲಿ ಒಂದೋ ಎರಡೋ ಸಲ ಬೇರೆ ಊರಿನ ಮೈದಾನಕ್ಕೆ ಹೋಗಿ ಆಡಿ ಬರುತ್ತಿದ್ದರು. ಈ ವರ್ಷ ಮಾತ್ರ ಭಾವನಿಗೆ ಏನೋ ಆತುರ ಹಿಡಿದಿತ್ತು. ರಜೆಯ ದಿನ ಬಂತೆಂದರೆ ಕಾರು ಹೊರಡಬೇಕು, ಹೊಸ ಮೈದಾನವೇ ಆಗಬೇಕು. ಆಡಿದಲ್ಲಿ ಮತ್ತೆ ಆಡುವುದಿಲ್ಲ. ಗುಡ್ಡದ ಮೇಲಿನದು, ಹಳೆಯ ಕಲ್ಲುಗಣಿಯೊಳಗಿನದು, ನದಿಯ ದಂಡೆಯದು ಎಲ್ಲ ಮುಗಿದವು. ಚಳಿಗಾಲ ಬಂದು ಹಿಮ ಬಿದ್ದ ಮೇಲಾದರೂ ಸುಮ್ಮನಾಗುತ್ತಾನೆ ಎಂದುಕೊಂಡರೆ ಅದೂ ಇಲ್ಲ. ಹಿಮದಲ್ಲಿ ತಟ್ಟೆ ಬಿದ್ದರೆ ಸೀಳಿಕೊಂಡು ಒಳಗೆ ಹೋಗಿಬಿಡುತ್ತದೆ, ಮೇಲೆ ಬರಿಯ ಒಂದು ಗೀರು. ಅದಕ್ಕೇ ಚಳಿಗಾಲದಲ್ಲಿ ಆಡುವವರು ತಟ್ಟೆಯ ತಳಕ್ಕೆ ಉದ್ದನೆಯ ಬಟ್ಟೆಯ ಪಟ್ಟಿಯೊಂದನ್ನು ಅಂಟಿಸುತ್ತಾರೆ. ತಟ್ಟೆ ಹೂತುಹೋದರೂ ಬಾಲ ಮೇಲೆ ಉಳಿಯುತ್ತದೆ. ಅಕ್ಕ ತನ್ನ ಹಳೆಯ ಕೆಂಪು ಲಂಗವೊಂದನ್ನು ಹರಿದು ಎಲ್ಲ ತಟ್ಟೆಗಳಿಗೂ ಬಾಲ ಮಾಡಿಕೊಟ್ಟಿದ್ದಳು.

ಅಕ್ಕ ಆಡುತ್ತಿರಲಿಲ್ಲ. ಆದರೂ ಈ ವರ್ಷ ಒಂದು ಪ್ರಯಾಣವನ್ನೂ ಬಿಟ್ಟಿರಲಿಲ್ಲ. ಮುಂದಿನ ಸೀಟಿನಲ್ಲಿ ಕುಳಿತರೆ ಮುಗಿಯಿತು, ಮನೆಯಿಂದ ಮೈದಾನದವರೆಗೆ ಬಾಯಿಗೆ ಬಿಡುವಿಲ್ಲ. ಅಗೋ ಸೈಕಲ್ಲಿನವನು ಹೇಗೆ ವಾಲಾಡಿಕೊಂಡು ಹೋಗುತ್ತಿದ್ದಾನೆ ನೋಡಿ, ಈ ಸೇತುವೆ ಎಷ್ಟು ಇಕ್ಕಟ್ಟು, ಆ ಹುಡುಗಿಯರು ಇಷ್ಟು ಚಳಿಯಲ್ಲಿ ರಸ್ತೆಗೆ ಯಾಕೆ ಬಂದರೋ. ಹಿಂದಿನ ಸೀಟಿನಲ್ಲಿ ವೆಲ್ಡರ್ ತೂಕಡಿಸುತ್ತಿದ್ದ. ಅವನು ಮಾತು ಕಡಿಮೆಯ ಮನುಷ್ಯ. ಬಾಯಿಗೆ ಬೆಸುಗೆ ಹಾಕಿಕೊಂಡೇ ಹುಟ್ಟಿದವನು ಎಂದು ಭಾವ ಹಂಗಿಸುತ್ತಿದ್ದ. ತಮ್ಮನ ಪಾಲಿನ ಮಾತನ್ನೂ ಅಕ್ಕನೇ ಹೊತ್ತುಕೊಂಡು ಹುಟ್ಟಿದ್ದಾಳೆ ಎಂಬುದು ಮನೆಯಲ್ಲಿ ಸವೆದುಹೋದ ತಮಾಷೆ.

ಆ ಭಾನುವಾರ ಅಕ್ಕ ಜ್ವರ ಬಂದು ಮಲಗಿದ್ದಳು. ಇವತ್ತು ಬೇಡ ಎಂದು ಗಂಡನಿಗೆ ಹೇಳಿ ನೋಡಿದಳು. ಭಾವ ಆಗಲೇ ಬೂಟು ಹಾಕಿಕೊಂಡು ಚೀಲ ಹೊರಗಿಟ್ಟಿದ್ದ. ಆಮೇಲೆ ತಮ್ಮನನ್ನು ಹಾಸಿಗೆಯ ಬಳಿ ಕರೆದಳು.

"ಮುಂದೆ ಕೂತ್ಕೋ. ನಿದ್ದೆ ಮಾಡ್ಬೇಡ. ದಾರಿ ಉದ್ದಕ್ಕೂ ಏನಾದ್ರೂ ಮಾತಾಡ್ತಾ ಇರು ಅವರ ಹತ್ರ."

"ನಾನೇನು ಮಾತಾಡ್ಲಿ ಅಕ್ಕ?"

"ಕಂಡಿದ್ದು ಹೇಳೋ. ಅಷ್ಟೂ ಬರಲ್ವಾ ನಿನಗೆ?"

ಜ್ವರದ ಬಿಸಿಯಲ್ಲಿ ಏನೋ ಹೇಳುತ್ತಿದ್ದಾಳೆ ಎಂದುಕೊಂಡ. ಮುಂದೆಯೇ ಕುಳಿತ. ಊರು ದಾಟುವವರೆಗೆ ಹೊಸ ವೆಲ್ಡಿಂಗ್ ಮಷಿನ್ನಿನ ಬಗ್ಗೆ ನಾಲ್ಕು ಮಾತಾಡಿದ. ಆಮೇಲೆ ಮಾತು ಮುಗಿಯಿತು. ಕಾರಿನೊಳಗೆ ಹೀಟರಿನ ಬಿಸುಪು. ಹೊರಗೆ ಹೊಲ, ಬೇಲಿ, ಆಕಾಶ ಎಲ್ಲ ಒಂದೇ ಸುಣ್ಣದ ಬಣ್ಣ. ಹಿಂದಿನ ದಿನ ರಾತ್ರಿಯ ತನಕ ಗೇಟೊಂದರ ಕೆಲಸ ಮಾಡಿದ್ದ ಕಣ್ಣುಗಳು ಉರಿಯುತ್ತಿದ್ದವು. ಯಾವಾಗ ಮುಚ್ಚಿದವೋ ಅವನಿಗೆ ತಿಳಿಯಲಿಲ್ಲ.

ದಡ್ ಎಂಬ ಸದ್ದಿಗೆ ಎಚ್ಚರವಾಯಿತು. ಕಾರು ಒಮ್ಮೆ ಜಗ್ಗಿ ಮತ್ತೆ ಸರಿಯಾಗಿ ಓಡುತ್ತಿತ್ತು.

"ಏನದು?" ಎಂದು ಕೇಳಿದ.

"ಹಿಮದ ಗಡ್ಡೆ," ಎಂದ ಭಾವ. "ರಸ್ತೆಯ ಹಿಮ ಬಳಿದೋರು ಅಂಚಿಗೆ ಗುಡ್ಡೆ ಹಾಕಿ ಹೋಗಿದ್ದಾರೆ. ಮಲಕ್ಕೋ ನೀನು."

ಮೈದಾನ ಒಂದು ತೋಪಿನೊಳಗಿತ್ತು. ಹಿಮದ ಮೇಲೆ ಮೊಲದ ಹೆಜ್ಜೆ ಬಿಟ್ಟರೆ ಬೇರೆ ಗುರುತಿಲ್ಲ. ಅವರಿಗಿಂತ ಮುಂಚೆ ಯಾರೂ ಆಡಿರಲಿಲ್ಲ. ಭಾವ ಚೀಲ ಹೆಗಲಿಗೇರಿಸಿ, ಕಾರಿನ ಬಾಗಿಲ ಬಳಿಯೇ ಸ್ವಲ್ಪ ಹೊತ್ತು ನಿಂತು, ತಲೆಯನ್ನು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ತಿರುಗಿಸುತ್ತ ಮರಗಳನ್ನೆಲ್ಲ ನೋಡಿದ. ಹೊಸ ಮೈದಾನಕ್ಕೆ ಬಂದಾಗಲೆಲ್ಲ ಹೀಗೆ ನಿಲ್ಲುತ್ತಿದ್ದ.

ಈ ಆಟದಲ್ಲಿ ಒಂದು ಕಟ್ಟಳೆಯಿದೆ. ಒಬ್ಬ ಎಸೆದದ್ದನ್ನು ಜೊತೆಗಿರುವವರೆಲ್ಲ ಬೀಳುವ ತನಕ ನೋಡಬೇಕು. ಬಿದ್ದ ಜಾಗವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಬೇಕು. ತಟ್ಟೆ ಕಳೆದರೆ ಎಸೆದವನದಷ್ಟೇ ತಪ್ಪು ನೋಡದವನದೂ. ವೆಲ್ಡರ್ ಎಸೆದ ಮೊದಲ ತಟ್ಟೆ ಮರಗಳ ಸಂದಿನಲ್ಲಿ ತೂರಿ ತಿರುಗಿತು. ಅಷ್ಟರಲ್ಲಿ ಕೊಂಬೆಯಿಂದ ಉದುರಿದ ಹಿಮ ಅವನ ಮುಖಕ್ಕೆ ಬಿತ್ತು. ಒರೆಸಿಕೊಳ್ಳುತ್ತ, ಎಲ್ಲಿ ಬಿತ್ತು ಎಂದು ಭಾವನನ್ನು ಕೇಳಿದ. ಭಾವ ಕೈ ಚಾಚಿ, ಆ ಕವಲೊಡೆದ ಮರದ ಬುಡದಲ್ಲಿ ಎಂದು ಖಂಡಿತವಾಗಿ ಹೇಳಿದ.

ಮರದ ಬುಡವನ್ನೆಲ್ಲ ಬೂಟಿನಿಂದ ಕೆದಕಿದರೂ ಸಿಗಲಿಲ್ಲ. ಸೋತು ಹಿಂತಿರುಗಿದಾಗ, ಎದುರು ದಿಕ್ಕಿನ ಬಯಲಿನ ನಟ್ಟನಡುವೆ ಕೆಂಪು ಬಾಲ ಚಾಚಿಕೊಂಡು ಮಲಗಿತ್ತು. ಕುರುಡನಿಗೂ ಕಾಣುವ ಹಾಗೆ. ಭಾವ ತನ್ನನ್ನು ಆಟ ಆಡಿಸುತ್ತಿದ್ದಾನೆ ಎಂದುಕೊಂಡು ವೆಲ್ಡರ್ ನಕ್ಕ.

ಮುಂದಿನ ಬುಟ್ಟಿಯಲ್ಲಿ ನಗು ಬರಲಿಲ್ಲ. ಭಾವ ತನ್ನ ತಟ್ಟೆಯನ್ನೇ ಹುಡುಕುತ್ತ ಅದರ ಪಕ್ಕದಲ್ಲೇ ನಡೆದುಹೋದ. ಇನ್ನೊಂದು ಗೇಣು ಈಚೆಗಿದ್ದರೆ ಬಾಲವನ್ನು ತುಳಿಯುತ್ತಿದ್ದ. ವೆಲ್ಡರ್ ಬಾಯಿ ಬಿಡಲಿಲ್ಲ. ಭಾವ ಮರಳಿ ಬಂದ, ಮತ್ತೆ ಹೋದ, ಕೊನೆಗೆ ತಲೆಯನ್ನು ಹಕ್ಕಿಯ ಹಾಗೆ ಅಷ್ಟಷ್ಟೇ ತಿರುಗಿಸುತ್ತ ನಿಂತು, ಕಂಡ ಕೂಡಲೇ, ಹಾಂ ಇಲ್ಲೇ ಇದೆ ಎಂದು ತನಗೇ ಹೇಳಿಕೊಂಡು ಎತ್ತಿಕೊಂಡ. ಆಮೇಲೆ ಎಸೆಯುವ ಜಾಗದಲ್ಲಿ ನಿಂತು ಕೂಗಿದ.

"ಸರಪಳಿ ಸ್ವಲ್ಪ ಅಲ್ಲಾಡ್ಸು. ಹಿಮ ಉದುರ್ಲಿ."

ಈ ಮಾತನ್ನು ಅವನು ಈ ಚಳಿಗಾಲವೆಲ್ಲ ಹೇಳಿದ್ದ. ವೆಲ್ಡರ್ ಬುಟ್ಟಿಯ ಬಳಿ ಹೋಗಿ ನೋಡಿದ. ಸರಪಳಿಯ ಮೇಲೆ ಹಿಮವಿರಲಿಲ್ಲ, ಗಾಳಿಗೆ ಒಣಗಿತ್ತು. ಅಲ್ಲಾಡಿಸದೆ ಸುಮ್ಮನೆ ನಿಂತ. ಭಾವ ಕಾಯುತ್ತಿದ್ದ. ಅವನ ಮುಖ ಬುಟ್ಟಿಯ ಕಡೆಗಿರಲಿಲ್ಲ, ಪಕ್ಕದ ಪೊದೆಯ ಕಡೆಗಿತ್ತು. ವೆಲ್ಡರ್ ಕೈ ಚಾಚಿ ಸರಪಳಿ ಅಲ್ಲಾಡಿಸಿದ. ಝಲ್ಲೆಂದ ಕೂಡಲೇ ಭಾವನ ಮುಖ ಇತ್ತ ತಿರುಗಿತು.

ಭಾವ ಎಸೆಯಲಿಲ್ಲ. ತಟ್ಟೆಯನ್ನು ಕೈಯಲ್ಲೇ ಹಿಡಿದು ನಡೆದು ಬಂದ. ಹಿಮ ಸಣ್ಣಗೆ ಬೀಳಲು ಶುರುವಾಗಿತ್ತು.

"ಗೊತ್ತಾಯ್ತು ಅಲ್ವಾ?" ಎಂದ.

ವೆಲ್ಡರ್ ತಲೆಯಾಡಿಸಿದ. ಅದು ಕಂಡಿತೋ ಇಲ್ಲವೋ ಎಂದು ಹೆದರಿ, ಹೂಂ ಎಂದ.

"ಹಾಲಿನ ಕ್ಯಾನಿನೊಳಗಿಂದ ನೋಡಿದ ಹಾಗೆ ಕಣೋ. ನಡುವೆ ಚೆನ್ನಾಗೇ ಕಾಣುತ್ತೆ. ಸುತ್ತ ಮುಚ್ಚಿಕೊಂಡು ಬರ್ತಾ ಇದೆ. ಹೋದ ವರ್ಷ ಡಾಕ್ಟರ್ ಹೇಳಿದ್ರು, ಹೋಗಿದ್ದು ವಾಪಸ್ ಬರಲ್ಲ, ಇರೋದೂ ಉಳಿಯಲ್ಲ ಅಂತ." ತಟ್ಟೆಯ ಬಾಲವನ್ನು ಬೆರಳಿಗೆ ಸುತ್ತಿಕೊಂಡ. "ಅದಕ್ಕೇ, ಇರೋ ಮೈದಾನನೆಲ್ಲ ಒಂದೊಂದು ಸಲ ನೋಡಿಬಿಡೋಣ ಅಂತ."

"ಮತ್ತೆ ಟ್ಯಾಂಕರ್?"

ಆ ದಾರಿಗೆ ಕಣ್ಣು ಬೇಕಿಲ್ಲ, ಸ್ಟೇರಿಂಗಿಗೇ ಗೊತ್ತು ಎಂದು ಭಾವ ಹೇಳಿದ. ಈ ಚಳಿಗಾಲವೊಂದು ಕಳೆದರೆ ತಾನೇ ಬಿಡುವವನಿದ್ದನಂತೆ. ಅಕ್ಕನಿಗೆ ಗೊತ್ತೇ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಸೈಕಲ್ಲಿನವನು, ಸೇತುವೆ, ರಸ್ತೆಗೆ ಬಂದ ಹುಡುಗಿಯರು, ವರ್ಷವಿಡೀ ಹಿಂದಿನ ಸೀಟಿನಲ್ಲಿ ತಾನು ಕೇಳಿಸಿಕೊಳ್ಳದೆ ಬಿಟ್ಟ ಅಷ್ಟೂ ಮಾತುಗಳು ವೆಲ್ಡರನ ಕಿವಿಯಲ್ಲಿ ಸಾಲುಗಟ್ಟಿ ನಿಂತವು. ಅವುಗಳ ಹಿಂದೆಯೇ ಇನ್ನೊಂದು ಸದ್ದು ಬಂತು.

"ಭಾವ, ಬರೋವಾಗ ತಾಗಿದ್ದು ಏನು?"

"ಹಿಮದ ಗಡ್ಡೆ ಅಂದ್ನಲ್ಲ."

"ನೋಡಿದ್ರಾ?"

ಭಾವ ಬೆರಳಿಗೆ ಸುತ್ತಿದ್ದ ಬಾಲವನ್ನು ಬಿಚ್ಚಿದ. ವೆಲ್ಡರ್ ಕೈ ಚಾಚಿದ. ಭಾವ ಜೇಬಿನಿಂದ ಕಾರಿನ ಕೀ ತೆಗೆದು ಅವನ ಅಂಗೈಯಲ್ಲಿಟ್ಟ.

ಕಾರಿನ ಮುಂಭಾಗದಲ್ಲಿ ರಸ್ತೆಯಂಚಿನ ಕಡೆಯ ದೀಪದ ಗಾಜು ಒಡೆದಿತ್ತು. ರಕ್ತವಿರಲಿಲ್ಲ. ಕೂದಲಿರಲಿಲ್ಲ. ನಾಯಿಯಾಗಿರಬಹುದು, ಕಂಬವಾಗಿರಬಹುದು ಎಂದು ವೆಲ್ಡರ್ ತನಗೆ ತಾನೇ ಹೇಳಿಕೊಂಡ. ಬಂದ ದಾರಿಯಲ್ಲೇ ನಿಧಾನಕ್ಕೆ ಓಡಿಸಿದ. ಆದರೆ ಸದ್ದಾದದ್ದು ಎಲ್ಲಿ ಎಂದು ಅವನಿಗೆ ತಿಳಿಯದು, ಮಲಗಿದ್ದ. ಹೊಸ ಹಿಮ ಹಳೆಯ ಗಾಲಿಗುರುತನ್ನು ಮುಚ್ಚಿತ್ತು. ರಸ್ತೆಯ ಅಂಚಿನುದ್ದಕ್ಕೂ ಗುಡ್ಡೆಗಳು, ಎಲ್ಲವೂ ಒಂದೇ ಥರ. ಯಾವುದು ಹಿಮ, ಯಾವುದು ಹಿಮ ಮುಸುಕಿದ ಮತ್ತೇನೋ ಎಂದು ಒಳ್ಳೆಯ ಕಣ್ಣಿದ್ದವನಿಗೂ ಹೇಳಲಾಗುತ್ತಿರಲಿಲ್ಲ. ಎದುರಿನಿಂದ ಒಂದು ಗಾಡಿಯೂ ಬರಲಿಲ್ಲ.

ಭಾವ ತನ್ನ ಕಡೆಯ ಗಾಜನ್ನು ಪೂರ್ತಿ ಇಳಿಸಿದ. ಚಳಿಗಾಳಿ ಮುಖಕ್ಕೆ ಹೊಡೆಯುತ್ತಿದ್ದರೂ ಏರಿಸಲಿಲ್ಲ.

"ನಿಲ್ಸು," ಎಂದ ಇದ್ದಕ್ಕಿದ್ದಂತೆ. "ಎಂಜಿನ್ ಆರಿಸು."

ವೆಲ್ಡರನಿಗೆ ಗಾಳಿಯ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ.

"ಕ್ಯಾನಿನ ಮುಚ್ಚಳ," ಎಂದ ಭಾವ. "ಹಾಲಿನ ಕ್ಯಾನಿನ ಮುಚ್ಚಳ ಬಡೀತಾ ಇದ್ದಾರೆ ಯಾರೋ. ದಾಟಿ ಬಂದಿದೀವಿ. ಹಿಂದೆ ಹೋಗು."

ಹಿಂದೆ ಹೋದರು. ರಸ್ತೆಯಂಚಿನ ಚರಂಡಿಯಲ್ಲಿ ಒಬ್ಬ ಮುದುಕ ಬಿದ್ದಿದ್ದ. ಎದೆಯವರೆಗೆ ಹಿಮ. ಪಕ್ಕದಲ್ಲಿ ಖಾಲಿ ಕ್ಯಾನು ಉರುಳಿತ್ತು. ಬೆಳಿಗ್ಗೆ ಹಾಲಿನ ಲಾರಿ ಖಾಲಿ ಮಾಡಿ ಇಟ್ಟು ಹೋದ ಕ್ಯಾನನ್ನು ಮನೆಗೆ ಒಯ್ಯಲು ಬಂದವನು. ಮುಚ್ಚಳವನ್ನು ಕ್ಯಾನಿನ ಬಾಯಿಗೆ ಬಡಿಯುತ್ತಿದ್ದ. ಅವರು ಬಂದ ಮೇಲೂ, ಬಡಿಯುವುದನ್ನು ನಿಲ್ಲಿಸಬೇಕೆಂಬುದೂ ತಿಳಿಯದ ಹಾಗೆ ಕೈ ತಾನಾಗಿ ಆಡುತ್ತಿತ್ತು. ಒಂದು ಕಾಲು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು.

ಬೇಲಿಯ ಎರಡು ಮರದ ಪಟ್ಟಿ ಕಿತ್ತು ಕಾಲಿಗೆ ಆನಿಸಿ, ತಟ್ಟೆಗಳ ಕೆಂಪು ಬಾಲಗಳನ್ನೆಲ್ಲ ಹರಿದು ತೆಗೆದು ಅವುಗಳಿಂದಲೇ ಕಟ್ಟಿದರು. ಇಬ್ಬರೂ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಭಾವ ತನ್ನ ಕೋಟನ್ನು ಹೊದಿಸಿದ. ಒಳಗಿನ ಬಿಸುಪು ತಾಗಿದ ಮೇಲೆ ಮುದುಕನಿಗೆ ಮಾತು ಬಂತು.

"ನೀವಾದ್ರೂ ನಿಲ್ಸಿದ್ರಿ. ಯಾವನೋ ಹಿಂದಿಂದ ಗುದ್ದಿ ಹಾಗೇ ಹೋದ. ಕೂಗಿದೆ. ನಿಲ್ಸಲಿಲ್ಲ. ಕುಡಿದಿದ್ನೋ ಏನೋ."

ವೆಲ್ಡರ್ ಕನ್ನಡಿಯಲ್ಲಿ ಮುದುಕನನ್ನು ನೋಡಿದ. ಹಿಂದಿನಿಂದ ತಾಗಿದ್ದು, ಕಾರು ಯಾವುದೆಂದು ಅವನು ಕಂಡಿಲ್ಲ. ಈಗ ಯಾರೂ ಬಾಯಿ ಬಿಡದಿದ್ದರೆ ಸಾಕು. ಭಾವನ ಕೆಲಸ ಉಳಿಯುತ್ತದೆ, ಅಕ್ಕನ ಮನೆ ಉಳಿಯುತ್ತದೆ. ಮುದುಕನನ್ನು ಆಸ್ಪತ್ರೆಗೆ ಸೇರಿಸಿದ ಪುಣ್ಯವೂ ಬರುತ್ತದೆ. ಸುಮ್ಮನಿರುವುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ. ಭಾವನೂ ಸುಮ್ಮನಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಗೇರು ಹಾಕಿದ.

ಭಾವ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದ. ಮುದುಕನ ಮುಖ ಸಿಗುವ ತನಕ ತಲೆಯನ್ನು ಅಷ್ಟಷ್ಟೇ ಆಡಿಸಿದ.

"ಗುದ್ದಿದ್ದು ನಾನೇ, ಯಜಮಾನ್ರೇ," ಎಂದ. "ಕುಡಿದಿರಲಿಲ್ಲ. ನನಗೆ ಕಣ್ಣು ಕಾಣಲ್ಲ."

ಮುದುಕ ಕೋಟಿನೊಳಗಿಂದ ತಲೆ ಎತ್ತಿ ಅವನನ್ನು ನೋಡಿದ. ಆಮೇಲೆ, ಕಾಣದೋನು ಯಾಕಪ್ಪ ಓಡಿಸ್ದೆ ಎಂದು ಕೇಳಿದ. ಬೈದ ಹಾಗಿರಲಿಲ್ಲ, ನಿಜವಾಗಿ ತಿಳಿಯಬೇಕು ಎನ್ನುವ ಹಾಗಿತ್ತು. ಭಾವ ಮತ್ತೆ ಮುಂದಕ್ಕೆ ತಿರುಗಿ ಕುಳಿತ.

ಆಸ್ಪತ್ರೆಯಲ್ಲಿ ಕತ್ತರಿ ಹಿಡಿದ ನರ್ಸ್ ಕೆಂಪು ಪಟ್ಟಿಗಳನ್ನು ಕತ್ತರಿಸಿ ಬಕೆಟ್ಟಿಗೆ ಹಾಕಿದಳು. ಮುರಿದದ್ದು ಕೂಡಬಹುದು, ಆದರೆ ಹಿಮದಲ್ಲಿ ಸೆಟೆದ ಪಾದದ ಬಗ್ಗೆ ಈಗಲೇ ಏನೂ ಹೇಳಲಾಗದು, ತೆಗೆಯಬೇಕಾದೀತು ಎಂದರು ಡಾಕ್ಟರ್. ಅವರಿಬ್ಬರೂ ಆಡುತ್ತ ಕಳೆದ ಹೊತ್ತನ್ನೆಲ್ಲ ಆ ಪಾದ ಚರಂಡಿಯಲ್ಲಿ ಕಳೆದಿತ್ತು. ಪೊಲೀಸಿನವನು ಬಂದ. ಅವನು ಕೇಳುವ ಮೊದಲೇ ಭಾವ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟ. ಇಡುವಾಗ ಅಲ್ಲಿದ್ದ ನೀರಿನ ಲೋಟ ಅವನಿಗೆ ಕಾಣದೆ ಉರುಳಿತು. ಪೊಲೀಸಿನವನು ಕಾಗದಗಳನ್ನು ಎತ್ತಿ ಹಿಡಿದುಕೊಂಡು ಅವನನ್ನೇ ನೋಡಿದ.

ಮನೆಗೆ ಬರುವಾಗ ಸಂಜೆಯಾಗಿತ್ತು. ಕಾರಿನ ಸದ್ದು ಕೇಳಿ ಅಕ್ಕ ಜ್ವರದಲ್ಲೇ ಎದ್ದು ಬಾಗಿಲಿಗೆ ಬಂದಿದ್ದಳು, ಹೆಗಲ ಮೇಲೆ ಕಂಬಳಿ. ಒಂದೇ ಉರಿಯುತ್ತಿದ್ದ ದೀಪವನ್ನು ನೋಡಿದಳು. ಸ್ಟೇರಿಂಗಿನ ಕಡೆಯ ಬಾಗಿಲು ತೆರೆದು ಇಳಿದ ತಮ್ಮನನ್ನು ನೋಡಿದಳು. ಆ ಕಡೆಯಿಂದ ಇಳಿದ ಗಂಡ, ಕಾರಿನ ಮೈ ಸವರಿಕೊಂಡು ಮೆಟ್ಟಿಲ ಕಡೆಗೆ ಬರುತ್ತಿದ್ದ. ಯಾಕೆ, ಏನಾಯಿತು ಎಂದು ಅವಳು ಕೇಳಲಿಲ್ಲ.

"ಯಾರಿಗೆ?" ಎಂದಳು. "ಜೀವ ಇದೆಯಾ?"